ಮಾವನ ಹೊಟ್ಟೆಯ ಹಗೇವು

ಸ್ವಲ್ಪ ತಡೀರಿ, ಇಷ್ಟು ಬೇಗ ಪುಟ ತಿರುವಬೇಡಿ. ಒಬ್ಬ ಅಜ್ಜಿಯ ಬಾಯಿಯ ವಾಸನೆ ನಮ್ಮ ಮನೆಯ ಒಂದು ಮದುವೆಯನ್ನು ಉಳಿಸಿದ ಕಥೆ ಮುಂದೆ ಬರುತ್ತದೆ. ಅಲ್ಲಿಗೆ ಮುಟ್ಟುವತನಕ ಕಾಯಿರಿ. ನಡುವೆ ಒಂದು ಕುದುರೆ, ಸಿಕ್ಕಾಪಟ್ಟೆ ಬೆಲ್ಲ, ಇದ್ದಲಿಯ ಮೇಲೆ ಓಡುವ ಒಂದು ಬಸ್ಸು ಅಡ್ಡ ಬರುತ್ತವೆ. ಅವುಗಳನ್ನು ದಾಟದೆ ಅಜ್ಜಿಯ ಹತ್ತಿರ ಹೋಗಲಾಗುವುದಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ನಡೆದಿದ್ದ ಕಾಲ. ನಾವಿದ್ದದ್ದು ಕೊಪ್ಪಳದಲ್ಲಿ. ನಮ್ಮ ಜೊತೆಗೆ ಅವ್ವನ ಕೊನೆಯ ತಮ್ಮ, ಅಂದರೆ ನನ್ನ ಸೋದರಮಾವನೂ ಇದ್ದ. ಕಾಳಿನ ಅಡತಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತಿರುವುದೇ ಅವನ ಕೆಲಸ. ಮಾವ ದಪ್ಪಗಿದ್ದ. ಎಷ್ಟು ದಪ್ಪ ಅಂದರೆ ಅವನು ಎದ್ದು ಹೋದಮೇಲೂ ಗಾದಿ ಸ್ವಲ್ಪ ಹೊತ್ತು ಅವನ ಆಕಾರದಲ್ಲೇ ಇರುತ್ತಿತ್ತು. ಸ್ವಭಾವ ಮಾತ್ರ ಬೆಣ್ಣೆ. ಯಾರು ನಕ್ಕರೂ ತಾನೂ ಜೊತೆಗೆ ನಗುತ್ತಿದ್ದ.

ಅವನಿಗೆ ಗಂಗಾವತಿಯ ಹುಡುಗಿ ಗೊತ್ತಾದಳು. ಹುಡುಗಿ ನೋಡಲು ಹೋದ ದಿನ ಮಾವ ಕೂತ ಕುರ್ಚಿ ಜೋರಾಗಿ ಕಿರ್ರೆಂದಿತು. ಮನೆ ತುಂಬ ಜನ ನಕ್ಕರು. ನಾನೂ ನಕ್ಕೆ. ಅವಲಕ್ಕಿಯ ತಟ್ಟೆ ಹಿಡಿದು ಬಂದಿದ್ದ ಆ ಹುಡುಗಿ ಒಬ್ಬಳೇ ನಗಲಿಲ್ಲ. ಕುರ್ಚಿಯನ್ನು ಒಂದು ಸಲ ನೋಡಿ, ಗೋಡೆಯ ಹತ್ತಿರದ ಕಲ್ಲಿನ ಕಟ್ಟೆಯನ್ನು ಸೆರಗಿನಿಂದ ಒರೆಸಿ, "ಇಲ್ಲಿ ಕುಂಡ್ರ್ರಿ, ಇದು ಗಟ್ಟಿ ಐತಿ" ಅಂದಳು. ಮಾವ ಆ ಕ್ಷಣಕ್ಕೇ ಅವಳಿಗೆ ಸೋತುಬಿಟ್ಟ. ಬಸ್ಸಿನಲ್ಲಿ ಮರಳುವಾಗ, ಊರು ಹತ್ತಿರ ಬಂದಾಗ "ಕಟ್ಟಿ ಭಾಳ ತಣ್ಣಗಿತ್ತು" ಅಂದ. ಅಷ್ಟೇ.

ಆಮೇಲೆ ಗಂಗಾವತಿಯಿಂದ ಒಂದು ಮಾತು ಬಂತು. ಹುಡುಗಿಯ ಅಕ್ಕನ ಗಂಡ ಮದುವೆಯ ದಿನ ಎತ್ತಿನ ಗಾಡಿಯಲ್ಲಿ ಬಂದಿದ್ದನಂತೆ, ಅದೂ ಹೊಟ್ಟಿನ ಚೀಲಗಳ ನಡುವೆ. ಅದನ್ನು ಇಂದಿಗೂ ಆಡಿಕೊಳ್ಳುತ್ತಾರಂತೆ. ಇವಳಿಗೆ ಒಂದೇ ಆಸೆ, ತನ್ನ ಗಂಡ ಕುದುರೆಯ ಮೇಲೆ ಬರಬೇಕು. ಮದುವೆ ನಮ್ಮಲ್ಲೇ, ಕೊಪ್ಪಳದಲ್ಲೇ, ದೀಪಾವಳಿ ಕಳೆದ ಮೇಲೆ. ಕುದುರೆ ಸಿಗುವುದೇನು ಕಷ್ಟ?

ಕಷ್ಟವೇ ಆಯಿತು. ಮೆರವಣಿಗೆಗೆ ಕೊಡುವಂಥ ಕುದುರೆ ಇದ್ದದ್ದು ಟಾಂಗಾ ಹೊಡೆಯುವ ಒಬ್ಬ ಸಾಹೇಬರ ಹತ್ತಿರ. ಅವರು ಮಾವನನ್ನು ಮೇಲಿಂದ ಕೆಳಗೆ ನೋಡಿ ಗಡ್ಡ ನೀವಿಕೊಂಡರು.

"ಸಾವಕಾರ್ರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಕುದುರಿಗೂ ಇಲ್ಲ. ಆದ್ರ ಅದಕ್ಕ ಬೆನ್ನು ಒಂದ ಐತಿ."

"ನನಗೂ ಮದಿವಿ ಒಂದ ಐತ್ರಿ" ಅಂದ ಮಾವ.

"ಹಂಗಾದ್ರ ಟಾಂಗಾದ ಹಿಂದ ಹತ್ತಿ ಕುಂಡ್ರ್ರಿ, ನೋಡೂಣು."

ಮಾವ ಹಿಂದಿನ ಸೀಟಿಗೆ ಹತ್ತಿ ಕೂತ. ಟಾಂಗಾ ಹಿಂದಕ್ಕೆ ವಾಲಿತು, ಕುದುರೆಯನ್ನು ಹೂಡುವ ಮುಂದಿನ ಎರಡು ಮರದ ಮೂಕಿಗಳು ಮೇಲೆದ್ದವು, ಹೊಟ್ಟೆಪಟ್ಟಿ ಬಿಗಿಯಿತು, ಕುದುರೆಯ ಮುಂಗಾಲುಗಳು ನೆಲ ಬಿಟ್ಟವು. ಕುದುರೆ ಗಾಬರಿಯಾಗಲಿಲ್ಲ. ಕತ್ತು ತಿರುಗಿಸಿ ಹಿಂದೆ ಕೂತವರು ಯಾರು ಅಂತ ನೋಡಿತು.

"ನೋಡ್ರಿ, ಸಲಾಂ ಹೊಡಿಲಿಕ್ಕ ಹತ್ತೈತಿ" ಅಂದರು ಸಾಹೇಬರು. "ಇದರ ಮುಂಗಾಲು ನೆಲದ ಮ್ಯಾಲ ನಿಂತ ದಿವಸ ಬರ್ರಿ. ಜೀನು ನನ್ನ ಕೈಲೆ ಬಿಗೀತೀನಿ."

ಮಾವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ನಾನು ಮಾತ್ರ ಒಳಗೊಳಗೇ ಕುಣಿಯುತ್ತಿದ್ದೆ. ಯಾಕೆಂದರೆ ನನ್ನ ಹತ್ತಿರ ಪುಸ್ತಕವಿತ್ತು! ನಾನು ಓದಿದ್ದು ಉರ್ದು ಸಾಲಿಯಲ್ಲಿ. ಸಾಲಿ ಬಿಟ್ಟ ಮೇಲೆ ಸಂತೆಯ ಹಳೆ ಸಾಮಾನಿನ ರಾಶಿಯಲ್ಲಿ ಮನುಷ್ಯನ ದೇಹದ ಬಗ್ಗೆ ಒಂದು ದಪ್ಪ ಉರ್ದು ಪುಸ್ತಕ ಸಿಕ್ಕಿತ್ತು. ಕಲಿಸುವವರು ಯಾರೂ ಇಲ್ಲ, ನಾನೇ ಓದುತ್ತಿದ್ದೆ, ನಾನೇ ತಲೆ ಕೆರೆದುಕೊಳ್ಳುತ್ತಿದ್ದೆ. ಕೊಬ್ಬಿನ ಪಾಠ ಆಗತಾನೇ ಶುರುಮಾಡಿದ್ದೆ. ಮೊದಲ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ತಿಂದ ಕೊಬ್ಬಿನಲ್ಲಿ ಉಳಿದದ್ದು ಮೈಯಲ್ಲಿ ಕೊಬ್ಬಾಗಿ ಕೂಡುತ್ತದೆ ಅಂತ. ಮತ್ತೇನು ಬೇಕು?

"ಮಾವಾ, ತುಪ್ಪ ಬಿಡು. ಎಣ್ಣಿ ಬಿಡು. ಬೆಣ್ಣಿ ಬಿಡು. ಶೇಂಗಾ ಚಟ್ನಿ ಕಡೆ ನೋಡಬ್ಯಾಡ. ಕುದುರಿ ಜವಾಬ್ದಾರಿ ನಂದು."

"ಉಳದದ್ದು ಉಣ್ಣಬಹುದಲ್ಲೋ?" ಅಂದ ಮಾವ, ಗೋಡೆಯಿಂದ ಈ ಕಡೆ ತಿರುಗಿ.

"ಉಳದದ್ದು ಎಷ್ಟರ ಉಣ್ಣು."

ಈ ಮಾತಿನ ಜೊತೆಗೆ ನಮ್ಮ ಕಡೆಯ ಒಂದು ಪದ್ಧತಿ ಸೇರಿಕೊಂಡಿತು. ಮದುವೆ ಗೊತ್ತಾದವನನ್ನು ಬಳಗದ ಪ್ರತಿಯೊಂದು ಮನೆಯವರೂ ಕರೆದು ಸಿಹಿ ಉಣಿಸಬೇಕು. ಒಲ್ಲೆ ಅಂದರೆ ಆ ಮನೆಗೆ ಅವಮಾನ. ನಮ್ಮ ಬಳಗವೋ ಕುಷ್ಟಗಿಯಿಂದ ಯಲಬುರ್ಗಿಯವರೆಗೆ ಹಬ್ಬಿತ್ತು. ಮಾವ ಊರೂರು ಹೊರಟ, ಅವನ ಪಥ್ಯ ಕಾಯಲು ನಾನೂ ಜೊತೆಗೆ ಹೊರಟೆ. ಕುಷ್ಟಗಿಯ ದೊಡ್ಡವ್ವ ಹೋಳಿಗೆ ಬಡಿಸಿ ತುಪ್ಪದ ಗಿಂಡಿ ಎತ್ತಿದಳು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ತುಪ್ಪ ಬ್ಯಾಡ ದೊಡ್ಡವ್ವಾ, ಪಥ್ಯ ಐತಿ."

"ಅಯ್ಯ ನನ್ನ ಕೂಸ! ಒಣಾ ಹೋಳಿಗಿ ಹ್ಯಾಂಗ ಗಂಟಲಾಗ ಇಳೀತೈತಿ? ಇರು, ಬೆಲ್ಲದ ಪಾಕ ಹಾಕ್ತೀನಿ."

"ಪಾಕ ನಡೀತೈತಿ" ಅಂದೆ, ವೈದ್ಯರ ಗತ್ತಿನಲ್ಲಿ.

ಯಲಬುರ್ಗಿಯಲ್ಲಿ ಮಾದಲಿ ಮಾಡಿದ್ದರು. ತುಪ್ಪ ಹೋದ ಜಾಗ ಖಾಲಿ ಇರಬಾರದೆಂದು ಬೆಲ್ಲ ದುಪ್ಪಟ್ಟು ಮಾಡಿದ್ದರು. ಇನ್ನೊಂದು ಮನೆಯಲ್ಲಿ ಗೋಧಿ ಹುಗ್ಗಿ, ಮತ್ತೊಂದರಲ್ಲಿ ಸಜ್ಜಕ. ಎಲ್ಲಿಯೂ ಒಂದು ಹನಿ ತುಪ್ಪವಿಲ್ಲ. ನಾನು ಖಡಕ್ಕಾಗಿ ಕಾದೆ. ಪಿತೃಪಕ್ಷ ಬಂದು ಸಿಹಿಯ ಕರೆಗಳು ನಿಂತಾಗ ಕೊಪ್ಪಳಕ್ಕೆ ಮರಳಿದೆವು, ನೇರ ಟಾಂಗಾದ ಹತ್ತಿರ ಹೋದೆವು. ಮಾವ ಹತ್ತಿ ಕೂತ. ಈ ಸಲ ಕುದುರೆ ಮುಂಗಾಲು ಎತ್ತಿದ ರಭಸಕ್ಕೆ ಸಾಹೇಬರು ತಾವೇ ಎರಡು ಹೆಜ್ಜೆ ಹಿಂದೆ ಸರಿದರು.

"ಈ ಹುಡುಗ ನಿಮಗ ಔಷಧ ಕೊಡಾಕತ್ತಾನೇನ್ರಿ?" ಅಂತ ಮಾವನನ್ನು ಕೇಳಿದರು. "ನನ್ನ ಕುದುರಿಗೂ ಒಂದೀಟು ಕೊಡಸ್ರಿ, ಬಡಕಲಾಗೈತಿ."

ಅವತ್ತು ಮನೆಗೆ ಬಂದು ಪುಸ್ತಕದ ಎರಡನೆಯ ಹಾಳೆ ತಿರುವಿದೆ. ನೋಡಿ, ಎಂಥ ಸಂಗತಿ ಅದು! ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಕೊಬ್ಬು ಆಗಲು ಕೊಬ್ಬನ್ನೇ ತಿನ್ನಬೇಕಾಗಿಲ್ಲ. ದೇಹ ಬೆಲ್ಲದಿಂದಲೂ ಜೋಳದಿಂದಲೂ ತಾನೇ ಕೊಬ್ಬು ಮಾಡಿಕೊಳ್ಳುತ್ತದೆ!

ಇದನ್ನು ನಾನು ಹಗೇವಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಹಗೇವು ಅಂದರೆ ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕುಣಿ. ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಹಾಕಿ ಬಿಡುತ್ತೇವೆ. ದಿನದ ಅಡಿಗೆಗೆ ಬೇಕಾದಷ್ಟು ಕಾಳು ಮಾತ್ರ ಅಡಿಗೆಮನೆಯ ಗಡಿಗೆಯಲ್ಲಿರುತ್ತದೆ. ದೇಹವೂ ಹಾಗೇ. ಉಂಡ ಬೆಲ್ಲ, ಜೋಳ ಸಕ್ಕರೆಯ ಅಂಶವಾಗಿ ಮೊದಲು ಯಕೃತ್ತು ಅನ್ನುವ ಗಡಿಗೆಗೆ ಹೋಗುತ್ತದೆ. ಗಡಿಗೆ ಸಣ್ಣದು, ಬೇಗ ತುಂಬುತ್ತದೆ. ಮಿಕ್ಕದ್ದನ್ನು ಚೂರು ಮಾಡಿ, ಆ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ದೇಹ ಉದ್ದುದ್ದ ಸರ ಕಟ್ಟುತ್ತದೆ, ಗಣಿಕೆಗೆ ಗಣಿಕೆ ಕೂಡಿದ ಕಬ್ಬಿನ ಜಲ್ಲೆಯ ಹಾಗೆ. ಆ ಜಲ್ಲೆಯೇ ಕೊಬ್ಬಿನ ಆಮ್ಲ. ಮೂರು ಜಲ್ಲೆಗಳನ್ನು ಗ್ಲಿಸರಿನ್ ಅನ್ನುವ ಒಂದು ಗಂಟಿಗೆ ಕಟ್ಟಿದರೆ ಒಂದು ಕಟ್ಟು ಕೊಬ್ಬು. ಅದು ಹೊಟ್ಟೆಯ ಹಗೇವಿಗೆ ಇಳಿಯುತ್ತದೆ. ತಿರುಗಿ ಬೇಕಾದಾಗ ಕಟ್ಟು ಬಿಚ್ಚಿ, ಜಲ್ಲೆಯ ತುದಿಯಿಂದ ಎರಡೆರಡು ಗಣಿಕೆಗಳನ್ನು ಮುರಿದು ಮುರಿದು ಉರಿಸುತ್ತದೆ. ಆದರೆ ಗಡಿಗೆಯಲ್ಲಿ ಕಾಳಿರುವಾಗ ಹಗೇವಿನ ಬಂಡೆ ಎತ್ತುವ ಉಸಾಬರಿ ಯಾರಿಗೆ ಬೇಕು?

ಅಂದರೆ ನಾನು ಹಗೇವಿನ ಒಂದು ಬಾಯಿ ಮುಚ್ಚಿ ಕಾವಲು ಕೂತಿದ್ದೆ. ಇಡೀ ಬಳಗ ಇನ್ನೊಂದು ಬಾಯಿಯಿಂದ ಬೆಲ್ಲ ಸುರಿಯುತ್ತಿತ್ತು.

"ಮಾವಾ, ಗಡಿಗಿ ಖಾಲಿ ಮಾಡಬೇಕು" ಅಂದೆ.

"ಯಾವ ಗಡಿಗಿ?"

"ನಿನ್ನ ಒಳಗಿಂದು. ನವರಾತ್ರಿ ಬಂತು. ಉಪವಾಸ ಹಿಡಿ. ನೀರು, ಲಿಂಬಿಹಣ್ಣಿನ ರಸ, ತೆಳ್ಳನ ಮಜ್ಜಿಗಿ. ಮತ್ತೇನೂ ಇಲ್ಲ."

ಮಾವ ಅಡಿಗೆಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ, "ಆ ಕಟ್ಟಿ ಒರಿಸಿದ್ಲಲ್ಲೋ" ಅಂದ. ಮರುದಿನದಿಂದ ಹಿಡಿದ.

ಮೊದಲೆರಡು ದಿನ ಅವನ ಮುಖ ನೋಡಲಾಗುತ್ತಿರಲಿಲ್ಲ. ಪಕ್ಕದ ಮನೆಯ ಒಗ್ಗರಣೆಯ ಚಟಪಟ ಕೇಳಿದರೂ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹಸಿವು ತಾನಾಗಿ ಕಡಿಮೆಯಾಯಿತು. ಧೋತರ ಜಾರತೊಡಗಿತು. ನಾನು ಗೆದ್ದೆ ಅಂದುಕೊಂಡೆ. ಅದೇ ಹೊತ್ತಿಗೆ, ಲಗ್ನದ ಮುಹೂರ್ತ ಮಾತಾಡಲು, ಹುಡುಗಿಯ ಅಜ್ಜ ಗಂಗಾವತಿಯಿಂದ ಬಂದರು.

ಅವರು ಕಡ್ಡಿಯಂಥ ಮನುಷ್ಯ, ಮಾತೂ ಹಾಗೇ ನೆಟ್ಟಗೆ. ಅವರ ಹೊಲದ ಬದುವಿಗೆ ಹತ್ತಿಕೊಂಡೇ ಒಂದು ಸೇಂದಿ ಅಂಗಡಿಯಿತ್ತು. ಈಚಲ ಮರದಿಂದ ಇಳಿಸುವ ಆ ಹೆಂಡ ಕುಡಿದವರು ರಾತ್ರಿಯೆಲ್ಲ ಅವರ ಬೆಳೆ ತುಳಿಯುತ್ತಿದ್ದರು. ಹೀಗಾಗಿ ಲೋಕದಲ್ಲಿ ಅವರಿಗೆ ಆಗದಿದ್ದದ್ದು ಒಂದೇ, ಸೇಂದಿ. ಮಾವ ಬಾಗಿ ಅವರ ಕಾಲು ಮುಟ್ಟಿ, ಎದ್ದು, ಬಾಯಿ ತುಂಬ, "ಆರಾಮ ಅದೀರೇನ್ರಿ ಅಜ್ಜಾರ?" ಅಂದ. ಅಜ್ಜನ ಮೂಗಿನ ಹೊಳ್ಳೆಗಳು ಅಗಲವಾದವು. ಇನ್ನೊಮ್ಮೆ ಉಸಿರೆಳೆದರು.

"ಬೀಗರ, ಚಾ ತಗೋರಿ" ಅಂತ ಅವ್ವ ಬಂದಳು.

"ಚಾ ಒಲ್ಲೆವ್ವ. ನಿನ್ನ ತಮ್ಮ ತಗೊಂಡದ್ದ ನಮ್ಮಿಬ್ಬರಿಗೂ ಸಾಕಾತು."

"ಏನ್ರಿ ಹಂಗಂದ್ರ?"

"ನವರಾತ್ರ್ಯಾಗ, ಹಾಡೇ ಹಗಲಾಗ ಸೇಂದಿ ಕುಡದು ನಿಂತಾನ. ನಮ್ಮ ಹುಡುಗಿ ನಮ್ಮ ಮನ್ಯಾಗ ಇರ್ತಾಳ ಬಿಡ್ರಿ." ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು.

ಅವ್ವ ತಮ್ಮನ ಬಾಯಿ ಮೂಸಿದಳು. "ಅಯ್ಯಯ್ಯ! ಹುಳಿತ ಹಣ್ಣಿನ ವಾಸ್ನಿ! ಖರೇನ ಬರತೈತಲ್ಲೋ!"

"ಅಕ್ಕಾ, ನಿನ್ನಾಣಿ! ನೀರು, ಮಜ್ಜಿಗಿ ಬಿಟ್ರ ಒಂದು ಹನಿ ಏನೂ ಮುಟ್ಟಿಲ್ಲ." ಮಾವನ ಕಣ್ಣು ತುಂಬಿತ್ತು.

ನಾನು ಪುಸ್ತಕಕ್ಕೆ ಓಡಿದೆ. ಮೂರನೆಯ ಹಾಳೆಯಲ್ಲಿತ್ತು! ಗಡಿಗೆಯ ಸಕ್ಕರೆ ತೀರಿ, ದೇಹ ಕೊಬ್ಬನ್ನೇ ನೆಚ್ಚಿ ಉರಿಸಲು ಹತ್ತಿದಾಗ, ಯಕೃತ್ತಿಗೆ ಅಷ್ಟೂ ಚೂರುಗಳನ್ನು ಪೂರ್ತಿ ಉರಿಸುವುದು ಆಗುವುದಿಲ್ಲ. ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಅದರಲ್ಲಿ ಅಸಿಟೋನ್ ಅನ್ನುವುದೊಂದು ಉಸಿರಿನ ಜೊತೆ ಹೊರಬೀಳುತ್ತದೆ, ಮಾಗಿ ಕೆಟ್ಟ ಹಣ್ಣಿನ ಹಾಗೆ ನಾರುತ್ತದೆ. ನನಗಾದ ಸಂತೋಷ ಹೇಳಲಾರೆ. ಮದುವೆ ಮುರಿದಿತ್ತು, ಪುಸ್ತಕ ಮಾತ್ರ ಸರಿಯಾಗಿತ್ತು!

"ಅವ್ವಾ, ಅದು ಸೇಂದಿ ಅಲ್ಲ, ಮಾವನ ಕೊಬ್ಬು ಉರಿಯೂ ವಾಸ್ನಿ! ಹಗೇವು ತಗದೈತಿ!" ಅಂತ ಕೂಗುತ್ತ ಬಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಿಂದಲೇ ನನ್ನ ತಲೆಗೆ ಒಂದು ಕೊಟ್ಟಳು. ಆಮೇಲೆ ಬಿಸಿ ರೊಟ್ಟಿ ತಂದು ತಮ್ಮನ ಮುಂದೆ ಇಟ್ಟಳು.

"ಉಣ್ಣು. ಇವನ ಮಾತು ಕೇಳಿ ಕೆಟ್ಟದ್ದು ಸಾಕು."

ಮಾವ ರೊಟ್ಟಿಯನ್ನು ನೋಡಿದ. ಕೈ ಅದರ ತನಕ ಹೋಯಿತು. ಹಿಂದೆ ಬಂತು. "ಈಗ ಉಂಡ್ರ ವಾಸ್ನಿ ಹೋಗತೈತಕ್ಕಾ. ವಾಸ್ನಿ ಹೋದ್ರ, 'ನೋಡ್ರಿ, ನಿಶೆ ಇಳೀತು' ಅಂತಾರ. ಇದ ಬಾಯಿ ತಗೊಂಡು ಗಂಗಾವತಿಗಿ ಹೋಗತೀನಿ."

ಮರುದಿನ ಮುಂಜಾನೆ ಅವ್ವ, ಮಾವ, ನಾನು ಮೂವರೂ ಬಸ್ಸು ಹತ್ತಿದೆವು. ಯುದ್ಧದಿಂದಾಗಿ ಪೆಟ್ರೋಲ್ ಇರಲಿಲ್ಲ. ಬಸ್ಸಿನ ಹಿಂದೆ ಒಂದು ಒಲೆ ಕಟ್ಟಿ, ಅದರೊಳಗೆ ಇದ್ದಲಿ ಸುಟ್ಟು ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಅದು ಉಸಿರು ಕಟ್ಟಿ ನಿಲ್ಲುತ್ತಿತ್ತು, ಇಳಿದು ನೂಕಬೇಕಾಗುತ್ತಿತ್ತು. ನೀರು ಕುಡಿದುಕೊಂಡಿದ್ದ ಮಾವ ಎಲ್ಲರಿಗಿಂತ ಮುಂದೆ ನಿಂತು ನೂಕಿದ. ಪಕ್ಕದಲ್ಲಿ ನೂಕುತ್ತಿದ್ದ ಕಂಡಕ್ಟರ್ ಮೂಗು ಏರಿಸಿ, "ಏನ್ ಸಾವಕಾರ್ರ, ಮುಂಜಾಮುಂಜಾನೇನ?" ಅಂದ.

"ಉಪವಾಸ ಅದೀನಿ" ಅಂದ ಮಾವ, ಏದುಸಿರು ಬಿಡುತ್ತ.

"ಹೌದ್ರಿ ಹೌದ್ರಿ, ನಮ್ಮ ಅಣ್ಣಾನೂ ದಿನಾ ಸಂಜಿಕ ಇಂಥಾದ್ದ ಉಪವಾಸ ಮಾಡ್ತಾನ."

ಗಂಗಾವತಿಯಲ್ಲಿ ಅಜ್ಜ ನಮ್ಮನ್ನು ಒಳಗೆ ಕರೆಯಲಿಲ್ಲ. ಹೊರಗೂ ಹಾಕಲಿಲ್ಲ. ಪಡಸಾಲೆಯ ಅದೇ ಕಲ್ಲಿನ ಕಟ್ಟೆಯ ಮೇಲೆ ಮಾವ ಕೂತ. ನಾನು ನಿಂತುಕೊಂಡೇ ಗಡಿಗೆ, ಹಗೇವು, ಕಬ್ಬಿನ ಜಲ್ಲೆ ಎಲ್ಲವನ್ನೂ ಹೇಳಿದೆ. ಅಜ್ಜ ಕೊನೆಯವರೆಗೂ ಕೇಳಿದರು.

"ತಮ್ಮಾ, ಹೊಟ್ಟ್ಯಾಗಿನ ಕೊಬ್ಬು ಉರದು ಬಾಯಾಗ ಸೇಂದಿ ವಾಸ್ನಿ ಆಗತೈತಿ?"

"ಹೌದ್ರಿ."

"ಹಂಗಿದ್ರ ನಮ್ಮೂರ ಸೇಂದಿ ಗುತ್ತೇದಾರ ಈಚಲಗಿಡದ ಉಸಾಬರಿ ಯಾಕ ಮಾಡ್ತಾನ? ನಾಕು ಮಂದಿ ಡೊಳ್ಳಹೊಟ್ಟಿಯವರನ್ನ ಉಪವಾಸ ಕೆಡವಿದ್ರ ಸಾಕಲ್ಲ!"

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಅಡಿಗೆಮನೆಯ ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಈ ಸಲವೂ ಅಲ್ಲಿಂದ ನಗು ಬರಲಿಲ್ಲ. ಮಾವ ತಲೆ ತಗ್ಗಿಸಿದ.

ಅಷ್ಟರಲ್ಲಿ ದೇವರ ಕೋಣೆಯಿಂದ ಹುಡುಗಿಯ ಅಜ್ಜಿಯ ದನಿ ಬಂತು. "ಬಂದವರು ದೇವರಿಗೆ ಕೈ ಮುಗೀಲಾರದ ಮಾತು ಶುರು ಮಾಡ್ಯಾರೇನು?" ಅಜ್ಜಿ ನವರಾತ್ರಿಯ ಘಟ ಹಾಕಿ, ನಂದಾದೀಪ ಹಚ್ಚಿ, ಅದರ ಮುಂದೆ ಕೂತಿದ್ದಳು. ನಾನು ಒಳಗೆ ಹೋಗಿ ಕೈ ಮುಗಿದೆ. ಮಣ್ಣಿನಲ್ಲಿ ಬಿತ್ತಿದ ಕಾಳು ಹಸಿರಾಗಿ ಎದ್ದಿದ್ದವು. ಬಾಗಿ ಅಜ್ಜಿಯ ಕಾಲು ಮುಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, ಮುಖ ಹತ್ತಿರ ತಂದು, "ನೂರು ವರ್ಷ ಬಾಳಪ್ಪಾ" ಅಂದಳು.

ನಾನು ಬಾಗಿದವನು ಹಾಗೇ ನಿಂತೆ. ಹುಳಿತ ಹಣ್ಣು!

"ಅಜ್ಜೀ, ನೀವು ಏನು ತಗೋತೀರಿ?"

"ಘಟ ಇಳಿಯೂ ತನಕ ನೀರು, ಲಿಂಬಿಹಣ್ಣು. ಯಾಕೋ?"

ಇನ್ನು ನನ್ನನ್ನು ಹಿಡಿಯುವವರು ಯಾರು? ಬಾಗಿಲಿಗೆ ಬಂದು ಕೂಗಿಯೇಬಿಟ್ಟೆ. "ಅಜ್ಜಾರ, ಅಜ್ಜಿಯವರ ಬಾಯಿ ಮೂಸಿ ನೋಡ್ರಿ!"

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಜ್ಜ ಎದ್ದು ಕೊಡೆಗೆ ಕೈ ಹಾಕಿದರು. ಹೊರಗೆ ಹೋಗಲು ಅಲ್ಲ, ನನ್ನನ್ನು ಬಡಿಯಲು.

"ಏನಂದಿ ಮಗನ? ನನ್ನ ಹೇಣ್ತಿಗೆ..."

"ಕೈಯಾಗಿನ ಕೊಡಿ ಕೆಳಗಿಡ್ರಿ" ಅಂದಳು ಒಳಗಿನಿಂದ ಅಜ್ಜಿ. "ಹುಡುಗ ಏನೋ ಹೇಳಾಕತ್ತಾನ. ಮೂಸ್ರಿ ಬರ್ರಿ."

"ಏ, ಮಂದಿ ಅದಾರ..."

"ಮಂದಿ ಇಲ್ಲದಾಗ ಯಾವಾಗ ಬಂದಿದ್ರಿ? ಎಷ್ಟು ವರ್ಷಾತು ಬಾಯಿ ಸಮೀಪ ಬಂದು! ಇವತ್ತರ ಬರ್ರಿ."

ಈ ಸಲ ಬಾಗಿಲ ಮರೆಯಿಂದ ಕಿಸಕ್ಕನೆ ನಗು ಕೇಳಿತು. ಮಾವ ಥಟ್ಟನೆ ತಲೆ ಎತ್ತಿದ.

ಅಜ್ಜ ಒಳಗೆ ಹೋದರು. ಮೂಸಿದರು. ನೆಟ್ಟಗಾದರು. ಹೊರಗೆ ಬಂದು ಮಾವನ ಮುಂದೆ ನಿಂತು, "ಆ ಅನ್ನು" ಅಂದರು. ಮಾವ ಆ ಅಂದ. ಮತ್ತೆ ಒಳಗೆ ಹೋದರು. ಮತ್ತೆ ಹೊರಗೆ ಬಂದರು. ಹಬ್ಬದ ಸಂತೆಯಲ್ಲಿ ಎರಡು ಅಂಗಡಿಯ ಬೆಲ್ಲ ಮೂಸಿ ಹೋಲಿಸುವವರ ಹಾಗೆ ಓಡಾಡಿ, ಕೊನೆಗೆ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಒಂದ ಐತಿ" ಅಂದರು.

"ಅಂದ್ರ ನವರಾತ್ರಿಗೊಮ್ಮೆ ನಾನೂ ಸೇಂದಿ ಕುಡೀತೀನಿ ಅಂದಂಗಾತು" ಅಂದಳು ಅಜ್ಜಿ. "ದೇವರ ಮುಂದ ಕುಂತು."

"ಅಯ್ಯ, ನಿನಗ ಯಾರಂದ್ರು?"

"ನನಗ ಅನ್ನದ್ದು ಅವಗ ಯಾಕಂದ್ರಿ? ಅವ ಇಷ್ಟ ಉಪವಾಸ ಬಿದ್ದಾನ, ಯಾರ ಸಲುವಾಗಿ ಅಂತ ಕೇಳಿದ್ರೇನು?"

ಕೇಳಿರಲಿಲ್ಲ. ಆಗ ಕೇಳಿದರು. ಮಾವ ಕಟ್ಟೆಯನ್ನು ಸವರುತ್ತ ಕುದುರೆಯ ಸಂಗತಿ ಹೇಳಿದ. ಟಾಂಗಾ ಎತ್ತಿದ್ದು, ಕುದುರೆ ತಿರುಗಿ ನೋಡಿದ್ದು, ಬೆಲ್ಲದ ಪಾಕ, ಒಂದನ್ನೂ ಬಿಡಲಿಲ್ಲ. ಅಜ್ಜ ಮೀಸೆ ತಿರುವಿ ಅಂದರು, "ಹಗೇವು ತಗದ ಕೂಡಲೆ ಘಾಟು ಬರತೈತಿ, ಅದು ನನಗ ಗೊತ್ತೈತಿ. ಅದಕ್ಕ ಗಾಳಿಯಾಡಾಕ ಬಿಟ್ಟ ಒಳಗ ಇಳೀತೀವಿ. ನಾ ಘಾಟು ಮೂಸಿ ಊರಿಗೆ ಓಡಿಬಂದೆ." ಒಳಗಿನ ಕಡೆ ನೋಡಿ, "ಇವಂದು ದೊಡ್ಡ ಹಗೇವು, ಆಕೀದು ಸಣ್ಣದು. ಘಾಟು ಮಾತ್ರ ಒಂದ" ಅಂದರು.

"ನನ್ನ ಹಗೇವಿನ ಸುದ್ದಿ ಮಂದ್ಯಾಗ ಬ್ಯಾಡ" ಅಂದಳು ಅಜ್ಜಿ. "ಘಟ ಇಳಿಸಿದ ದಿನ ಅವ ನನ್ನ ಜೋಡಿ ಇಲ್ಲೇ ಉಪವಾಸ ಬಿಡಲಿ. ಗಂಜಿ ನಾ ಮಾಡ್ತೀನಿ. ಬೆಲ್ಲ ಹಾಕಂಗಿಲ್ಲ."

ಹಾಗೇ ಆಯಿತು. ಗಂಜಿ ಕುಡಿದ ಮರುದಿನವೇ ಇಬ್ಬರ ವಾಸನೆಯೂ ಮಾಯ. ಅಲ್ಲಿಂದ ಮದುವೆಯವರೆಗೆ ಮಾವ ಹೊತ್ತಿಗೊಂದು ರೊಟ್ಟಿ, ಪಲ್ಯ ಉಂಡು, ಬೆಳಗಾದರೆ ಕಿನ್ನಾಳದ ದಾರಿ ಹಿಡಿದು ನಡೆಯುತ್ತಿದ್ದ. ಬಳಗದವರು ಮತ್ತೆ ಸಿಹಿಗೆ ಕರೆದರು. "ಗಂಗಾವತಿ ಅಜ್ಜಿ ಅಪ್ಪಣಿ ಇಲ್ಲ" ಅಂದರೆ ಯಾರಿಗೂ ಅವಮಾನವಾಗಲಿಲ್ಲ.

ಮದುವೆಯ ದಿನ ಸಾಹೇಬರು ಟಾಂಗಾ ಹೂಡಿಕೊಂಡೇ ಬಂದರು. "ಮೊದಲ ಹಿಂದ ಕುಂಡ್ರ್ರಿ." ಮಾವ ತಲೆಗೆ ಸುತ್ತಿದ ಜರಿಯ ಪಟಗಾ ಸಮೇತ ಹತ್ತಿ ಕೂತ. ಮೂಕಿಗಳು ಸ್ವಲ್ಪ ಏರಿದವು. ನಾವೆಲ್ಲ ಬಗ್ಗಿ ಕುದುರೆಯ ಕಾಲು ನೋಡಿದೆವು. ಒಂದು ಗೊರಸು ಅತ್ತಿತ್ತ ಆಡಿತು. ಮತ್ತೆ ನೆಲದ ಮೇಲೇ ನಿಂತಿತು.

"ಬಸ್, ಆತು!" ಅಂದರು ಸಾಹೇಬರು. ಕೊಟ್ಟ ಮಾತಿನಂತೆ ಜೀನನ್ನು ತಮ್ಮ ಕೈಯಿಂದಲೇ ಬಿಗಿದರು.

ಮಾವ ಇನ್ನೂ ದಪ್ಪಗೇ ಇದ್ದ, ಸುಳ್ಳು ಯಾಕೆ ಹೇಳಲಿ. ಆದರೆ ಕುದುರೆ ಗೊಣಗದೆ ನಡೆಯಿತು. ಮದುವೆ ಮನೆಯ ಮಾಳಿಗೆಯ ಮೇಲೆ ಹೆಣ್ಣುಮಕ್ಕಳ ಗುಂಪು ನಿಂತಿತ್ತು. ನಡುವೆ ಬಾಸಿಂಗ ಕಟ್ಟಿದ್ದ ಒಂದು ತಲೆ ಬೇರೆಯವರ ಭುಜದ ಮೇಲಿಂದ ಇಣುಕಿತು. ಮಾವ ನೆಟ್ಟಗೆ ಕೂತ.

ಬಾಗಿಲಲ್ಲಿ ಇಳಿದ ಕೂಡಲೆ ಆರತಿ ಹಿಡಿದು ಅಜ್ಜಿ ಮುಂದೆ ಬಂದಳು. ವಾಲಗದವರಿಗೆ ಕೈ ಮಾಡಿ ನಿಲ್ಲಿಸಿದಳು.

"ಆ ಅನ್ನು" ಅಂದಳು.

ಇಡೀ ಮದುವೆಯ ಮುಂದೆ ಮದುಮಗ ಆ ಅಂದ. ಅಜ್ಜಿ ಮೂಗು ಹತ್ತಿರ ಒಯ್ದು, ನಿಧಾನವಾಗಿ ಮೂಸಿ, ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿದಳು.

"ಏನೂ ಇಲ್ರಿ. ಉಂಡು ಬಂದಾನ. ಊದಸ್ರಿ ವಾಲಗ."

ಈಗ ನಿಮ್ಮ ಪಾಳಿ. ನಿಮ್ಮ ಮನೆಯಲ್ಲೂ ನವರಾತ್ರಿಯಲ್ಲೋ ಮತ್ತಾವ ಉಪವಾಸದಲ್ಲೋ ಯಾರದಾದರೂ ಉಸಿರಿನಲ್ಲಿ ಈ ಹುಳಿತ ಹಣ್ಣಿನ ವಾಸನೆ ಬಂದದ್ದುಂಟೇ? ಯಾರು ಮೊದಲು ಮೂಸಿದರು, ಏನೆಂದು ತಿಳಿದರು, ಜಗಳ ಎಲ್ಲಿಗೆ ಮುಟ್ಟಿತು? ಸಂಕೋಚ ಬೇಡ, ಬರೆದು ತಿಳಿಸಿ. ಓದಲು ನಾನಿದ್ದೇನೆ. ಓದಿ ಹೇಳಿದರೆ ನಗಲು ಮಾವ, ಅತ್ತೆ ಇಬ್ಬರೂ ಇದ್ದಾರೆ.